ಹಾರವಾಡದಿಂದ ಬಂದ ಮೂರು ಎಲುಬು

ಯಂತ್ರ ‘ಅತಿ ಹತ್ತಿರ’ ಎಂದರೆ ಅದನ್ನು ‘ಅದೇ’ ಎಂದು ಓದಬೇಡಿ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಿ ತಮ್ಮ ಕೆಲಸ ನೋಡಿಕೊಳ್ಳಬಹುದು. ಆದರೆ ಯಾರೂ ಇಟ್ಟುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತು. ಉದ್ದುದ್ದ ಪದವಿಯವರು ಪರದೆಯ ಮೊದಲ ಸಾಲಿನಲ್ಲಿ ಬಂದ ಹೆಸರನ್ನು ಹಾಗೇ ಎತ್ತಿ ವರದಿಗೆ ಹಾಕಿ, ಚಹಾ ಕುಡಿಯಲು ಎದ್ದು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಉದ್ದಕ್ಕೇ ಹೇಳುತ್ತೇನೆ, ಕೇಳಿ.

ನಾನು ಗಣಿತದವಳು. ಹುಟ್ಟಿದ್ದು ಕಿನ್ನರದಲ್ಲಿ, ಈಗ ಇರುವುದು ಕೋಡಿಬಾಗದಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಲೆಕ್ಕಕ್ಕೆ ಯಾವ ಭಾಷೆಯೂ ಬೇಡ ಎಂದುಕೊಂಡು ಬೆಳೆದವಳು. ಕಾರವಾರದಲ್ಲಿ ಕಡಲಜೀವಿಗಳ ಪ್ರಯೋಗಾಲಯವೊಂದಿತ್ತು. ಅಲ್ಲಿ ಮೀನಿನ ಉದ್ದ, ತೂಕಗಳ ಸರಾಸರಿ ತೆಗೆಯಲು ಒಬ್ಬರು ಬೇಕೆಂದು ಕೇಳಿ ಸೇರಿಕೊಂಡೆ. ಅಲ್ಲಿಯವರೆಗೆ ನಾನು ಮೀನು ತಿಂದವಳೇ ಹೊರತು ಅದರ ಒಳಗೇನಿದೆ ಎಂದು ತಲೆ ಕೆಡಿಸಿಕೊಂಡವಳಲ್ಲ. ಕೆಲವು ವರ್ಷ ಕಳೆಯುವಷ್ಟರಲ್ಲಿ ಮೀನಿನ ಉದ್ದ ಯಾರಿಗೂ ಬೇಡವಾಯಿತು. ಎಲ್ಲರಿಗೂ ಡಿಎನ್‌ಎ ಬೇಕಾಯಿತು. ಕಾಗದದ ತುಂಬ ನಾಲ್ಕೇ ನಾಲ್ಕು ಅಕ್ಷರಗಳ ಬರಹ ತಂದು ನನ್ನ ಮೇಜಿನ ಮೇಲೆ ಹಾಕಿ, “ಇದಕ್ಕೂ ಅದಕ್ಕೂ ಎಷ್ಟು ದೂರ, ಹೇಳಿ” ಎಂದರು.

ದೂರ ಅಳೆಯುವುದು ಕೇಳಲು ಸುಲಭ. ಮುಡಿಯುವ ಅಬ್ಬಲಿ ಹೂವಿನ ಎರಡು ದಂಡೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡು ಹೂವು, ಒಂದು ಹಸಿರು ಎಲೆ, ಮತ್ತೆ ಎರಡು ಹೂವು, ಒಂದು ಎಲೆ. ಒಂದು ದಂಡೆಯ ನಡುವೆ ಒಂದು ಹೂವು ಉದುರಿತು ಎನ್ನಿ. ಅಲ್ಲಿಂದ ಮುಂದೆ ಹೂವಿನೆದುರು ಎಲೆ, ಎಲೆಯೆದುರು ಹೂವು ಬಂದು ಎಲ್ಲವೂ ತಪ್ಪು ಕಾಣುತ್ತದೆ. ಉದುರಿದಲ್ಲಿ ಒಂದು ಖಾಲಿ ಜಾಗ ಬಿಟ್ಟರೆ ಮುಂದಿನದೆಲ್ಲ ಸರಿ ಕೂರುತ್ತದೆ. ಆದರೆ ಬೇಕಾದಲ್ಲೆಲ್ಲ ಖಾಲಿ ಜಾಗ ಬಿಡುತ್ತ ಹೋದರೆ ಏಡಿಯೂ ಎಮ್ಮೆಯೂ ಒಂದೇ ಆಗಿಬಿಡುತ್ತವೆ. ಅದಕ್ಕಾಗಿ ಪ್ರತಿಯೊಂದು ಖಾಲಿ ಜಾಗಕ್ಕೂ ದಂಡ ಹಾಕುತ್ತೇವೆ. ದಂಡ ಎಷ್ಟು? ಅದನ್ನು ದೇವರು ಹೇಳಿಲ್ಲ, ಯಂತ್ರಕ್ಕೂ ಗೊತ್ತಿಲ್ಲ. ಕೂತು ಯೋಚಿಸಿ ನಾವೇ ಗೊತ್ತು ಮಾಡಬೇಕು.

ನಾನು ಇದನ್ನು ಕಲಿತದ್ದು ಚೌಕದ ಹಾಳೆಯ ಮೇಲೆ. ಒಂದು ಬರಹವನ್ನು ಮೇಲೆ ಅಡ್ಡಕ್ಕೆ, ಇನ್ನೊಂದನ್ನು ಎಡಬದಿಗೆ ಉದ್ದಕ್ಕೆ ಬರೆದುಕೊಂಡು, ಪ್ರತಿ ಮನೆಯನ್ನೂ ಅದರ ಮೂರು ನೆರೆಮನೆಗಳಿಂದ ಲೆಕ್ಕ ಹಾಕಿ ತುಂಬುತ್ತ ಹೋಗಬೇಕು. ಕೊನೆಯ ಮೂಲೆ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಹಿಂದೆ ಹೋದರೆ ಎರಡು ಬರಹಗಳೂ ಸರಿಯಾಗಿ ಕೂತಿರುತ್ತವೆ. ಆಗ ನಮ್ಮಲ್ಲಿದ್ದ ಕಂಪ್ಯೂಟರ್ ಒಂದೇ. ಅದಕ್ಕೆ ಬಟ್ಟೆ ಹೊದಿಸಿ, ಆಯುಧಪೂಜೆಗೆ ಊದಿನಕಡ್ಡಿ ಬೆಳಗಿ, ಉಳಿದ ದಿನ ಯಾರೂ ಮುಟ್ಟದ ಹಾಗೆ ಕಾಯುತ್ತಿದ್ದರು. ಈಗ ಗುಂಡಿ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಗಟ್ಟಲೆ ಬರಹಗಳನ್ನು ಹೋಲಿಸಿ ಕೊಡುತ್ತದೆ. ಬೇಡ ಎನ್ನುವುದಿಲ್ಲ. ಆದರೆ ಒಂದು ಸಲವಾದರೂ ಕೈಯಿಂದ ಮಾಡಿ ನೋಡಿ. ಎಲ್ಲೆಲ್ಲಿ ನೀವೇ ತೀರ್ಮಾನ ಮಾಡಿದ್ದೀರಿ ಎಂಬುದು ಆಗ ಬೆರಳಿಗೆ ಗೊತ್ತಾಗುತ್ತದೆ.

ನನ್ನ ಮೇಲಧಿಕಾರಿ ಡಾಕ್ಟರ್ ನಾಯಕರು, ಅಂಕೋಲೆಯವರು. ಮೀನಿನ ವಿಷಯದಲ್ಲಿ ಮಹಾ ಜಾಣರು, ಮನಸ್ಸು ಬೆಣ್ಣೆ, ಆದರೆ ಅವಸರದ ಆಸಾಮಿ. ಎಂಥದೇ ಪ್ರಶ್ನೆ ಬರಲಿ, “ಆಯ್ತು, ಬರ್ದುಬಿಡಿ ಅತ್ಲಾಗೆ” ಎನ್ನುವುದು ಅವರ ಮಂತ್ರ. ಒಂದು ಸಲ ಒಂದು ವಾರವಿಡೀ ನಮ್ಮಲ್ಲಿಗೆ ಬಂದ ಆಮೆಮೊಟ್ಟೆಗಳೆಲ್ಲ ಮನುಷ್ಯರವು ಎಂದು ಬಂತು. ಎಲ್ಲರೂ ಯಂತ್ರಕ್ಕೆ ಬೈದರು. ನೋಡಿದರೆ ನಾಯಕರು ಯೋಚನೆ ಮಾಡುತ್ತ ಗಡ್ಡ ಕೆರೆದುಕೊಳ್ಳುವುದು ಮೊಟ್ಟೆ ಇಟ್ಟ ತಟ್ಟೆಗಳ ಮೇಲೆಯೇ ಬಗ್ಗಿ, ಉದುರಿದ ತೊಗಲಿನ ಹುಡಿಯೆಲ್ಲ ಅದರೊಳಗೆ. “ಸರ್, ಇವೆಲ್ಲ ನಿಮ್ಮ ಮಕ್ಕಳೇ, ತೊಟ್ಟಿಲು ತರಿಸುವಾ” ಎಂದೆ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ, ನಾಲ್ಕನೇ ದಿನ ಗಡ್ಡ ಬೋಳಿಸಿಕೊಂಡು ಬಂದರು. ಆವತ್ತು ನಕ್ಕದ್ದು ಆಮೇಲೆ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು. ಅದಕ್ಕೆ ಬರುತ್ತೇನೆ.

ಮೊದಲು ಹಿಲ್ಲೂರಿನ ತಿಮ್ಮಣ್ಣನ ಸಂಗತಿ. ಗದ್ದೆ ಕೆಲಸದವನು. ಅವನ ಒಲೆಯ ಮೇಲಿದ್ದ ಮಾಂಸ ಜಿಂಕೆಯದು ಎಂದು ಯಾರೋ ಚಾಡಿ ಹೇಳಿ, ಅರಣ್ಯ ಇಲಾಖೆಯವರು ಅವನನ್ನು ಒಳಗೆ ಹಾಕಿದ್ದರು. ಸುತ್ತಮುತ್ತ ಡಿಎನ್‌ಎ ಓದುವವರು ನಾವೇ ಆದ್ದರಿಂದ ಬೆಂದ ಮಾಂಸ ನಮ್ಮಲ್ಲಿಗೆ ಬಂತು. ಬೆಂದದ್ದರಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ, ಅಲ್ಲಲ್ಲಿ ಅಕ್ಷರಗಳೇ ಹೋಗಿರುತ್ತವೆ. ಸಿಕ್ಕ ತುಂಡು ಗಿಡ್ಡದು. ಯಂತ್ರ ‘ಅತಿ ಹತ್ತಿರ: ಜಿಂಕೆ’ ಎಂದಿತು. ನಾಯಕರು ಪೆನ್ನು ತೆಗೆದರು.

“ಸರ್, ದಂಡ ಯಾರು ಗೊತ್ತು ಮಾಡಿದ್ದು?” ಎಂದೆ.

“ಎಂತಾ ದಂಡ?”

“ಖಾಲಿ ಜಾಗದ್ದು.”

“ಅದು ಯಂತ್ರದಲ್ಲಿ ಇದ್ದದ್ದೇ ಮಾರಾಯ್ತಿ.”

ಯಂತ್ರದಲ್ಲಿದ್ದದ್ದು ಸ್ವಚ್ಛವಾದ, ಇಡೀ ತುಂಡುಗಳಿಗೆ ಹಾಕುವ ದಂಡ. ಬೆಂದು ಹರಿದ ತುಂಡಿಗೆ ಅದೇ ದಂಡ ಹಾಕಿದರೆ, ಪಾತ್ರೆಯಲ್ಲಿ ಹೋದ ಅಕ್ಷರವನ್ನೂ ಪ್ರಾಣಿಯ ಲೆಕ್ಕಕ್ಕೇ ಬರೆದಂತಾಗುತ್ತದೆ. ನಾನು ದಂಡ ಇಳಿಸಿ ನೋಡಿದೆ, ಆಡು ಮೇಲೆ ಬಂತು. ಸ್ವಲ್ಪ ಏರಿಸಿದೆ, ಜಿಂಕೆ ಮೇಲೆ ಬಂತು. ಆಡು ಬಂದದ್ದಕ್ಕೆ ಖುಷಿಪಡಲಿಲ್ಲ ನಾನು. ದಂಡ ಏರಿಸಿ ಇಳಿಸಿದರೆ ಬದಲಾಗುವ ಉತ್ತರ ಉತ್ತರವೇ ಅಲ್ಲ. ಡಿಎನ್‌ಎಯ ಬೇರೆ ಬೇರೆ ಜಾಗದ ತುಂಡುಗಳನ್ನು ಓದಲೇಬೇಕೆಂದು ಹಟ ಹಿಡಿದೆ. ಓದಿದ ಮೇಲೆ ದಂಡ ಎಷ್ಟೇ ಇಡಲಿ, ಆಡೇ. ತಿಮ್ಮಣ್ಣ ಬಿಟ್ಟು ಬಂದ. ಅಷ್ಟರಲ್ಲಿ ಅವನ ಕೊಯ್ಲಿಗೆ ಬಂದ ಭತ್ತ ಅಕಾಲದ ಮಳೆಗೆ ಸಿಕ್ಕಿ ಗದ್ದೆಯಲ್ಲೇ ಮೊಳಕೆಯೊಡೆದಿತ್ತು. ನಮ್ಮ ಬಾಗಿಲಿಗೆ ಬಂದು ನಿಂತು ಕೇಳಿದ: “ಆಡು ಹೇಳೂಕೆ ನಿಮಗೆ ಇಷ್ಟು ದಿನ ಬೇಕಾಯ್ತಾ? ನಾ ಮೊದಲ್ನೇ ದಿನವೇ ಹೇಳಿದ್ನಲ್ರಾ.” ಅವನಿಗೆ ಚಹಾ ಕೊಟ್ಟೆವು, ಅವನು ಕುಡಿಯಲಿಲ್ಲ.

ಇಂಥವು ಇನ್ನೂ ಇವೆ. ಆದರೆ ನಾನು ಈ ವಯಸ್ಸಿನಲ್ಲಿ ಬರೆಯಲು ಕೂತದ್ದು ಹಾರವಾಡದವರಿಗಾಗಿ.

ಅಂಕೋಲೆ ತಾಲೂಕಿನ ಹಾರವಾಡದಲ್ಲಿ ಉಮೇಶ ಎಂಬ ಮೀನುಗಾರನಿದ್ದ. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದು ಬಂದ್ ಆಗುವ ಮುಂಚಿನ ಕೊನೆಯ ವಾರ, ಇಬ್ಬರ ಜೊತೆ ದೋಣಿ ಒಯ್ದವನು ಗಾಳಿಗೆ ಸಿಕ್ಕ. ದೋಣಿ ಮಗುಚಿತು. ಆ ಇಬ್ಬರನ್ನು ಇನ್ನೊಂದು ದೋಣಿಯವರು ಎತ್ತಿದರು. ಉಮೇಶ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಹೆಣ ಸಿಗದವನಿಗೆ ಹನ್ನೆರಡು ವರ್ಷ ಕಾಯದೆ ಕ್ರಿಯೆ ಮಾಡುವಂತಿಲ್ಲ ಎಂಬುದು ಅವರ ಮನೆತನದ ಕಟ್ಟು. ಅಲ್ಲಿಯವರೆಗೆ ಅವನು ಸತ್ತವನೂ ಅಲ್ಲ, ಬದುಕಿದವನೂ ಅಲ್ಲ. ಮಳೆಗಾಲ ಮುಗಿದು ಬಲೆ ಬಿಟ್ಟ ಮೊದಲ ದಿನಗಳಲ್ಲಿ ಅದೇ ಊರಿನವರ ಬಲೆಗೆ ಮೂರು ಎಲುಬು ಬಂದವು. ಹರಕು ತೊಗಲಿನಲ್ಲಿ ಒಂದಕ್ಕೊಂದು ಅಂಟಿಕೊಂಡು, ಥೇಟು ಕೈಬೆರಳಿನ ಹಾಗೆ. ಯಾರಿಗೂ ಎರಡನೇ ಮಾತು ಹೊಳೆಯಲಿಲ್ಲ. ನೇರ ತಂದು ಉಮೇಶನ ತಾಯಿ ದೇವಕಿಯ ಮಡಿಲಿಗೆ ಹಾಕಿದರು.

ಆದರೆ ಊರಿನ ಭಟ್ಟರು ಒಪ್ಪಲಿಲ್ಲ. ಮನುಷ್ಯನದು ಹೌದೋ ಅಲ್ಲವೋ ತಿಳಿಯದೆ ಮಂತ್ರ ಹೇಳಲಾರೆ, ಯಾರಾದರೂ ಬಲ್ಲವರು ನೋಡಿ ಹೇಳಲಿ ಎಂದರು. ಕಡಲ ದಂಡೆಗೆ ಬಂದು ಬೀಳುವ ಎಲುಬುಗಳನ್ನು ನಾವು ನೋಡುತ್ತೇವೆ ಎಂದು ಯಾರೋ ಹೇಳಿ, ಅತ್ತೆ ಸೊಸೆ ಇಬ್ಬರೂ ಬಸ್ಸು ಹಿಡಿದು ಕಾರವಾರಕ್ಕೆ ಬಂದರು. ಅತ್ತೆಯ ಕೈಯಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದಾಗ ತೆಂಗಿನೆಣ್ಣೆ, ಅರಿಶಿನದ ವಾಸನೆ ಬಂತು. ಹಳೆಯ ಮೆತ್ತನೆಯ ಸೀರೆಯ ತುಂಡಿನ ಮೇಲೆ ಹಳದಿ ಬಣ್ಣದ ಮೂರು ಎಲುಬುಗಳು, ಎಣ್ಣೆಗೆ ಹೊಳೆಯುತ್ತಿದ್ದವು.

“ಇದಕ್ಕೆ ಎಣ್ಣೆ ಯಾಕೆ ಹಚ್ಚಿದ್ದು, ಆಯಿ?” ಎಂದೆ.

“ದಿನಾ ಮೀಸ್ತೆ ಅಕ್ಕೋರೆ. ಎಣ್ಣೆ ತಿಕ್ಕಿ, ಅರಿಶಿನ ಹಚ್ಚಿ, ಬಿಸಿನೀರಲ್ಲಿ. ಹುಟ್ಟಿದಾಗ ಮೀಸಿದ್ದೂ ನಾನೇಯ. ಮಳೆಗಾಲ ಪೂರ ನೀರಲ್ಲಿ ತಣ್ಣಗೆ ಬಿದ್ಕಂಡಿತ್ತಲ್ಲ ಪೋರ.”

ಹುಟ್ಟಿದ ಮಗುವಿನ ಹಾಗೆ ದಿನವೂ ತನ್ನ ಬರಿಗೈಯಿಂದ ಆ ಎಲುಬುಗಳನ್ನು ತಿಕ್ಕಿ ತಿಕ್ಕಿ ಮೀಯಿಸಿದ್ದಳು. ನಾನು ನಾಯಕರ ಮುಖ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು. ಇದು ನಮ್ಮ ಕೆಲಸವಲ್ಲ, ಇದರ ಮೇಲೆ ಅವಳ ಕೈ ಎಷ್ಟಾಗಿದೆಯೋ ಎಂದು ಅವರನ್ನು ಆಚೆ ಕರೆದು ಹೇಳಿದೆ. “ಮೇಲಿಂದೆಲ್ಲ ಒರೆಸಿ ತೆಗೀವಾ. ಇಲ್ಲ ಹೇಳಿ ಕಳಿಸೂಕೆ ನನ್ನಿಂದ ಆಗೂದಿಲ್ಲ ಶಾಲಿನಿಬಾಯಿ” ಎಂದರು.

ಸೊಸೆ ಸುಜಾತಾ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಬಂದದ್ದು ನೋಡಿ ಎದ್ದು ನಿಂತಳು.

“ಅಕ್ಕೋರೆ, ಅದು ಅವರದು ಹೌದೋ ಅಲ್ಲವೋ, ಒಂದು ಹೇಳ್ಬಿಡಿ. ನಂಗೆ ಎರಡ್ರಲ್ಲಿ ಒಂದು ಆಗ್ಬೇಕು. ಮೊನ್ನೆ ಪಕ್ಕದ ಮನೆ ಸೀಮಂತಕ್ಕೆ ಹೋಗಿದ್ದೆ. ನಂಗೆ ಕುಂಕುಮ ಕೊಡೂಕೂ ಹೆದರಿಕೆ ಅವರಿಗೆ, ಕೊಡದೆ ಇರೂಕೂ ಹೆದರಿಕೆ. ತಟ್ಟೆ ಹಿಡ್ಕಂಡು ನನ್ನ ಮುಂದೆ ಸುಮ್ನೆ ನಿಂತೇ ಬಿಟ್ರು. ನಾನೇ ಎದ್ದು ಮನೆಗೆ ಬಂದೆ.”

ಅವಳ ಕೈ ಹಿಡಿದುಕೊಂಡೆ ಅಷ್ಟೇ.

ಎಲುಬಿನಿಂದ ಬಂದ ಡಿಎನ್‌ಎ ಬಹಳ ಕಡಿಮೆ. ಓದಲು ಸಿಕ್ಕಿದ್ದು ತಾಯಿಯಿಂದ ಮಕ್ಕಳಿಗೆ ಬರುವ ಒಂದು ತುಂಡು ಮಾತ್ರ. ಆ ತುಂಡು ತಾಯಿಯದು ಹೇಗಿರುತ್ತದೋ ಮಕ್ಕಳದೂ ಹಾಗೇ ಇರುತ್ತದೆ, ತಂದೆಯ ಪಾಲು ಅದರಲ್ಲಿಲ್ಲ. ಓದಿದ ಬರಹ ಮನುಷ್ಯನದೇ ಎಂದು ಬಂತು. ನಾಯಕರು ದೇವಕಿಯನ್ನು ಕರೆಸಿ ಅವಳ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದು ಅದನ್ನೂ ಓದಿಸಿದರು. ಅಕ್ಷರಕ್ಕೆ ಅಕ್ಷರ ಒಂದೇ. ನಾಯಕರು ಕುರ್ಚಿಯಿಂದ ಎದ್ದೇ ಬಿಟ್ಟರು. ಹಾರವಾಡಕ್ಕೆ ಫೋನು ಹೋಯಿತು. ಕ್ರಿಯೆಗೆ ದಿನ ಗೊತ್ತಾಯಿತು. ದೇವಕಿ ಫೋನಿನಲ್ಲಿ ಅತ್ತದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು.

ನಾನು ಫೋನಿಗಿಂತ ಮೊದಲು ಆ ಓದನ್ನು ನೋಡಬೇಕಿತ್ತು ಎಂದು ನೀವು ಹೇಳಬಹುದು. ನನ್ನ ಕೈಗೆ ಅದು ಬಂದದ್ದೇ ಮಾರನೆಯ ದಿನ. ಯಂತ್ರ ಪ್ರತಿ ಅಕ್ಷರಕ್ಕೂ ಒಂದು ದಿಬ್ಬದ ಗೆರೆ ಎಳೆಯುತ್ತದೆ. ಒಂದೇ ಜೀವಿಯದಾದರೆ ಒಂದು ಜಾಗಕ್ಕೆ ಒಂದೇ ದಿಬ್ಬ. ಇದರಲ್ಲಿ ಅಲ್ಲಲ್ಲಿ ದೊಡ್ಡ ದಿಬ್ಬದ ಅಡಿಯಲ್ಲಿ ಇನ್ನೊಂದು ಬಣ್ಣದ ಚಿಕ್ಕ ದಿಬ್ಬ ಇತ್ತು.

“ಕಸ ಅದು. ಎಲ್ಲಾ ಓದಿನಲ್ಲೂ ಇರ್ತದೆ” ಎಂದರು ನಾಯಕರು.

“ಕಸ ಆಗಿದ್ದರೆ ಎಲ್ಲ ಕಡೆ ಬೀಳಬೇಕಿತ್ತಲ್ಲ ಸರ್. ಇದು ಜಾಗ ಆರಿಸಿಕೊಂಡು ಬಿದ್ದಿದೆ.”

“ಗಣಿತದವರಿಗೆ ಮದುವೆ ಊಟದಲ್ಲೂ ಕಲ್ಲೇ ಕಾಣೂದು.”

ಕಲ್ಲಿದ್ದರೆ ಕಾಣಬೇಕಪ್ಪ, ಇಲ್ಲದಿದ್ದರೆ ಹಲ್ಲು ಹೋಗುತ್ತದೆ. ನಾನು ನನ್ನ ಕೋಣೆಗೆ ಹೋಗಿ ಕೂತೆ. ಮನುಷ್ಯ, ಎಮ್ಮೆ, ನಾಯಿ, ಆಮೆ, ಕೋಳಿ, ಈ ಕಡಲಲ್ಲಿ ಸಿಗುವ ಮೀನು, ಡಾಲ್ಫಿನ್, ಎಲ್ಲದರ ಅದೇ ತುಂಡನ್ನು ಒಂದರ ಕೆಳಗೊಂದು ಸಾಲಾಗಿ ಕೂರಿಸಿದೆ. ಪ್ರತಿಯೊಂದು ಪ್ರಾಣಿಗೂ ಒಂದೇ ಪ್ರಶ್ನೆ ಕೇಳಿದೆ: ಮನುಷ್ಯನ ಅಕ್ಷರಕ್ಕಿಂತ ನಿನ್ನ ಅಕ್ಷರ ಬೇರೆ ಇರುವುದು ಎಲ್ಲೆಲ್ಲಿ? ಆ ಜಾಗಗಳನ್ನು ಚಿಕ್ಕ ದಿಬ್ಬದ ಜಾಗಗಳ ಮೇಲೆ ಇಟ್ಟೆ. ಎಮ್ಮೆ ಕೆಲವು ಕಡೆ ಕೂತಿತು, ಕೆಲವು ಕಡೆ ಕೂರಲಿಲ್ಲ. ನಾಯಿಯೂ ಹಾಗೇ. ಡಾಲ್ಫಿನ್ ಹೆಚ್ಚುಕಡಿಮೆ ಕೂತಿತು, ಆದರೂ ನಾಲ್ಕಾರು ಜಾಗ ಹೊರಗೆ ಉಳಿದವು. ಬೆನ್ನಿನ ಮೇಲೆ ರೆಕ್ಕೆಯಿಲ್ಲದ ಕಡಲಹಂದಿ ಎಂದು ಒಂದಿದೆ, ಡಾಲ್ಫಿನ್ನಿನ ದಾಯಾದಿ, ನಮ್ಮ ದಂಡೆಗೆ ಆಗಾಗ ಸತ್ತು ಬೀಳುತ್ತದೆ. ಅದನ್ನು ಇಟ್ಟೆ. ಅದೂ ಮನುಷ್ಯನೂ ಬೇರೆಯಾಗುವ ಜಾಗದಲ್ಲೆಲ್ಲ ಚಿಕ್ಕ ದಿಬ್ಬವಿತ್ತು. ಇಬ್ಬರೂ ಒಂದೇ ಇರುವ ಜಾಗದಲ್ಲಿ ಎಲ್ಲೂ ಇರಲಿಲ್ಲ. ದಿಬ್ಬದ ಅಕ್ಷರವೂ ಅದರದೇ. ಒಂದೂ ಹೊರಗುಳಿಯಲಿಲ್ಲ.

ಕಡಲಹಂದಿಯ ಈಜುರೆಕ್ಕೆಯ ತೊಗಲು ಬಿಡಿಸಿದರೆ ಒಳಗೆ ಮನುಷ್ಯನ ಕೈಯ ಹಾಗೇ ಬೆರಳೆಲುಬುಗಳಿರುತ್ತವೆ. ಅದು ಗೊತ್ತಿದ್ದ ನಾಯಕರೇ ಆ ತಾಯಿಯ ಮುಖ ನೋಡಿ ಮರೆತಿದ್ದರು. ಹಾಗಾದರೆ ದೊಡ್ಡ ದಿಬ್ಬಗಳು ಯಾರವು? ಮೀಯಿಸಿದವಳವು. ದಿನವೂ ಎಣ್ಣೆಯ ಜೊತೆ ಅವಳ ಕೈಯ ತೊಗಲು, ಬೆವರು ಆ ಎಲುಬಿನ ಸಣ್ಣ ಸಣ್ಣ ತೂತುಗಳಲ್ಲಿ ಇಳಿದಿತ್ತು. ಒರೆಸಿದರೆ ಹೋಗುವಂಥದಲ್ಲ. ಅವಳದನ್ನು ಅವಳದರ ಜೊತೆಗೇ ಹೋಲಿಸಿ, ಮಗ ಸಿಕ್ಕ ಎಂದು ಹೇಳಿ ಕಳಿಸಿದ್ದೆವು.

ಹೊರಮೈ ಪೂರ್ತಿ ಅರದಿಂದ ಉಜ್ಜಿ ತೆಗೆದು, ಎಲುಬಿನ ಒಳಗಿನ ಪುಡಿ ತೆಗೆಸಿ ಮತ್ತೆ ಓದಿಸಿದೆ. ಕಡಲಹಂದಿ. ಅದೊಂದೇ, ಮತ್ತೇನೂ ಇಲ್ಲ.

ನಾಯಕರು ಆ ಹಾಳೆಯನ್ನು ಓದಿ ಮಡಚಿಟ್ಟರು. “ಹೇಳೂದು ಬೇಡ” ಎಂದರು.

“ಏನ್ ಸರ್ ಹಾಗೆಂದರೆ?”

“ಆ ಗಾಳೀಲಿ ಹೋದವ ಬದುಕಿರ್ತಾ ಹೇಳಿ ನೀವು ನಂಬ್ತೀರಾ? ಅಂವ ಸತ್ತದ್ದು ಖರೆ. ಮುದುಕಿಗೆ ಎದೆ ರೋಗ, ಇನ್ನೆಷ್ಟು ದಿನವೋ. ಮಗನ ಕ್ರಿಯೆ ಕಣ್ಣಾರೆ ನೋಡಿ ಸಾಯ್ತದೆ. ಸೊಸೆಗೂ ಒಂದು ದಾರಿ ಆಗ್ತದೆ. ಯಾರಿಗೆ ಎಂತ ಹಾಳಾಯ್ತು?”

ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಇವತ್ತಿಗೂ ಎನ್ನಲಾರೆ. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು. “ಸರ್, ಅವನು ಸತ್ತಿದ್ದಾನೆ ಎಂದು ನೀವು ಹೇಳುತ್ತಿರುವುದು ಅಂದಾಜು. ಅಂದಾಜೇ ಸಾಕಾಗಿದ್ದರೆ ಅವರು ಬಸ್ಸು ಹಿಡಿದು ಇಲ್ಲಿಗೆ ಬರುತ್ತಿರಲಿಲ್ಲ. ಕೇಳಿದ್ದು ಅವರು. ಉತ್ತರ ನಮ್ಮದಲ್ಲ, ಅವರದು” ಎಂದೆ. ನಾಯಕರು ಜೊತೆಗೆ ಬರಲಿಲ್ಲ. ಡಬ್ಬಿ ಹಿಡಿದುಕೊಂಡು ನಾನೊಬ್ಬಳೇ ಹಾರವಾಡದ ಬಸ್ಸು ಹತ್ತಿದೆ.

ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ಆಗಿತ್ತು. ಮೂಲೆಯಲ್ಲಿ ಹೊಸ ಮಣ್ಣಿನ ಗಡಿಗೆಗಳು. ಎರಡು ದಿನ ಬಿಟ್ಟು ಕ್ರಿಯೆ. ಡಬ್ಬಿ ತಂದಿದ್ದಾರೆ ಎಂದು ಎಲ್ಲರೂ ಎದ್ದು ನಿಂತು ಕೈ ಮುಗಿದರು. ಆ ಕೈಗಳೆದುರು ನಾನು ಹೇಳಬೇಕಾಯಿತು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಇದು ಉಮೇಶನದಲ್ಲ, ಕಡಲಹಂದಿಯದು, ಮೊದಲು ಹೇಳಿದ್ದು ತಪ್ಪು, ತಪ್ಪು ಹೇಗಾಯಿತು, ಇಷ್ಟನ್ನೂ ನಿಂತಲ್ಲೇ ಹೇಳಿದೆ. ಯಾರೋ ಗಂಡಸರು ಕೂಗಿದರು. ಯಾರೋ ನನ್ನ ಕಾಲಬಳಿ ಉಗುಳಿದರು. ಸುಜಾತಾ ಮಾತ್ರ ದನಿ ಏರಿಸಲಿಲ್ಲ. ಹತ್ತಿರ ಬಂದು ಕೇಳಿದಳು:

“ಮೂರು ದಿನ ತಡ ಮಾಡಿ ಬಂದಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು ಅಕ್ಕೋರೆ?”

ದೇವಕಿ ಜಗುಲಿಯ ಮೇಲೆ ಕೂತಿದ್ದವಳು ಕೂತೇ ಇದ್ದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ ಎಂದು ನಾನು ಹತ್ತಿರ ಹೋಗಿ ಕೆಳಗೆ ಕೂತೆ.

“ಮೊದಲು ಮನುಷ್ಯಂದು ಹೇಳಿ ಬಂದದ್ದು... ಅದು ನಂದೇಯಾ?” ಎಂದಳು.

“ಹೌದು ಆಯಿ. ನಿಮ್ಮ ಕೈದು.”

“ಅಂವಂದು ಸಿಕ್ಕಿದ್ರೆ ಅದೂ ಹಾಂಗೇ ಇರ್ತಿತ್ತಾ?”

“ಹಾಂಗೇ. ತಾಯಿದು ಮಗಂಗೆ ಹಾಂಗೇ ಬರ್ತದೆ.”

ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟು ನೋಡುತ್ತ ಕೂತಳು. ಆಮೇಲೆ ಡಬ್ಬಿಗೆ ಕೈ ಚಾಚಿದಳು. ಬೇಡ, ನಾವೇ ಒಯ್ದು ಬಿಸಾಡುತ್ತೇವೆ ಎಂದು ಗಂಡಸರು ಹೇಳಿದರು. “ಬಿಸಾಡ್ತ್ರಿಯಾ? ನಾನು ಮೀಸಿದ್ದದು” ಎಂದು ಗದರಿದಳು. ತಾನೇ ಎದ್ದು, ಏದುಸಿರು ಬಿಡುತ್ತ, ಮೊಣಕಾಲುದ್ದ ನೀರಿನವರೆಗೆ ಹೋಗಿ ಎಲುಬುಗಳನ್ನು ಕಡಲಿಗೆ ಬಿಟ್ಟು ಬಂದಳು. ಚಪ್ಪರ ಬಿಚ್ಚುವ ಸದ್ದು ಕೇಳುತ್ತ ನಾನು ಬಸ್ಸಿಗೆ ನಡೆದೆ.

ಅದಾದ ಮೇಲೆ ನಮ್ಮಲ್ಲಿ ಕೆಲಸದ ಕ್ರಮ ಬದಲಾಯಿತು. ತಂದುಕೊಟ್ಟವರು, ಮುಟ್ಟಿದವರು, ಓದುವವರು, ಎಲ್ಲರ ಬರಹವನ್ನೂ ಮೊದಲೇ ಓದಿಟ್ಟುಕೊಂಡು, ಬಂದ ಉತ್ತರದಿಂದ ಅವರನ್ನು ಕಳೆದ ಮೇಲೆಯೇ ಮುಂದಿನ ಮಾತು. ಮೇಲ್ಮೈ ಉಜ್ಜದೆ ಯಾವ ಎಲುಬನ್ನೂ ಓದುವಂತಿಲ್ಲ. ಎರಡು ಸಲ ಬೇರೆ ಬೇರೆಯಾಗಿ ಓದದೆ ಯಾರಿಗೂ ಫೋನು ಮಾಡುವಂತಿಲ್ಲ. ಇವನ್ನೆಲ್ಲ ಗೋಡೆಗೆ ಅಂಟಿಸಿದವರು ನಾಯಕರೇ. ಅವರು ಆಮೇಲೆ ‘ಬರ್ದುಬಿಡಿ’ ಎಂದದ್ದನ್ನು ನಾನು ಕೇಳಲಿಲ್ಲ. ಅವರ ಆ ಮಾತಿಲ್ಲದೆ ಪ್ರಯೋಗಾಲಯ ಬಿಕೋ ಎನ್ನುತ್ತಿತ್ತು ಎಂಬುದೂ ನಿಜ.

ಕೆಲವು ವರ್ಷ ಕಳೆದು ನನ್ನ ನಿವೃತ್ತಿಯಾಯಿತು. ಒಂದು ಬೆಳಿಗ್ಗೆ ಸುಜಾತಾ ಫೋನು ಮಾಡಿದಳು. ಇಷ್ಟು ಕಾಲ ನನ್ನ ನಂಬರು ಇಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

“ಅತ್ತೆ ಹೋಗ್ಬಿಟ್ರು ಅಕ್ಕೋರೆ. ನೀವು ಒಂದ್ಸಲ ಬರೂಕೇ ಬೇಕು.”

ಹೋದೆ. ಅದೇ ಅಂಗಳ. ದೇವಕಿಯನ್ನು ಮೀಯಿಸಿ ಮಲಗಿಸಿದ್ದರು, ಅಂಗೈಗಳಿಗೆ ಅರಿಶಿನ ಹಚ್ಚಿದ್ದರು. ಹೆಣ ಎತ್ತಲು ಎಲ್ಲ ತಯಾರಿದ್ದರೂ ಎತ್ತಿರಲಿಲ್ಲ. ಭಟ್ಟರೂ ಸುಜಾತಾಳೂ ಎದುರುಬದುರು ನಿಂತಿದ್ದರು. ಸಾಯುವ ಮುಂಚೆ ದೇವಕಿ ಸೊಸೆಯಿಂದ ಒಂದು ಮಾತು ತೆಗೆದುಕೊಂಡಿದ್ದಳಂತೆ.

“ಹೇಳಿ ಅಕ್ಕೋರೆ ಇವರಿಗೆ,” ಎಂದಳು ಸುಜಾತಾ. “ಅತ್ತೆ ಹೇಳಿದ್ದು ಇಷ್ಟು: ‘ನಂದೂ ಅಂವಂದೂ ಒಂದೇ ಹೇಳಿ ಆ ಅಕ್ಕೋರು ಹೇಳೀರು, ನನ್ನ ಸುಡುವಾಗ ಅಂವನ್ನೂ ಸುಟ್ಟಾಂಗೆ ಆಗ್ತದೆ, ಇಬ್ರ ಹೆಸರೂ ಹೇಳಿಸು.’ ಇವರು ಒಪ್ಪೂದಿಲ್ಲ. ಹನ್ನೆರಡು ವರ್ಷ ಆಗಿಲ್ಲ ಅಂತ್ರು.”

ಭಟ್ಟರು ವಯಸ್ಸಾದವರು, ಕೆಟ್ಟವರಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಅಂದು ನಾನೇ ಹೇಳಿದ್ದು, ಬಲ್ಲವರು ನೋಡಿ ಹೇಳ್ಲಿ ಹೇಳಿ. ನೀವು ಬಲ್ಲವರು. ಇದು ಖರೆಯಾ?”

ನೌಕರಿಯಲ್ಲಿ ಇದ್ದಷ್ಟು ಕಾಲ, ಓದದ ಅಕ್ಷರದ ಬಗ್ಗೆ ನಾನು ಬಾಯಿ ಬಿಟ್ಟವಳಲ್ಲ. ಉಮೇಶನ ಒಂದು ಅಕ್ಷರವನ್ನೂ ನಾನು ಓದಿಲ್ಲ. ತಾಯಿಯಿಂದ ಮಗನಿಗೆ ಬರುವಾಗಲೂ ಎಲ್ಲೋ ಅಪರೂಪಕ್ಕೆ ಒಂದಕ್ಷರ ತಪ್ಪುವುದುಂಟು. ನಾವು ಓದಿದ್ದು ಒಂದು ತುಂಡು, ಮನುಷ್ಯ ಅಷ್ಟೇ ಅಲ್ಲ. ಹತ್ತಿರ ಎಂದರೆ ಅದೇ ಅಲ್ಲ. ಇವೆಲ್ಲವೂ ನಾಲಿಗೆಯ ತುದಿಗೆ ಬಂದವು. ದೇವಕಿಯ ಹಳದಿ ಅಂಗೈಗಳು ಮೇಲ್ಮುಖವಾಗಿ ಬಿದ್ದಿದ್ದವು.

“ಖರೆ,” ಎಂದೆ. “ಒಂದಕ್ಷರವೂ ಬೇರೆಯಿಲ್ಲ.”

ಭಟ್ಟರು ಮೊದಲು ತಾಯಿಯ ಹೆಸರು ಹೇಳಿದರು, ಆಮೇಲೆ ಮಗನ ಹೆಸರು ಹೇಳಿದರು. ಗಂಡಸರು ಹೆಣ ಎತ್ತಿಕೊಂಡು ದಂಡೆಯ ಕಡೆ ನಡೆದರು. ಅವರು ಕಣ್ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದ ಸುಜಾತಾ, ಬಾವಿಕಟ್ಟೆಗೆ ಹೋಗಿ ಒಂದು ಕೊಡ ನೀರು ಸೇದಿ, ಹಣೆಯ ಕುಂಕುಮ ತೊಳೆದುಕೊಂಡು ಬಂದಳು.